ಕೋಳಿಯ ಮೂರನೆಯ ಕಾಲು

ಅಲ್ಲ, ಮೂರು ಜನ ಉಣ್ಣುವ ಮನೆಗೆ ಇಪ್ಪತ್ತೆರಡು ಪೌಂಡು ತೂಗುವ ಟರ್ಕಿ ಕೋಳಿಯನ್ನು ಯಾರಾದರೂ ತರುತ್ತಾರೆಯೇ? ವರ್ನಾ ತಂದಳು. "ಈ ಸಲ ಇಡೀ ಚರ್ಚಿಗೇ ಊಟ ಹಾಕಿಸ್ತೀರೇನು?" ಎಂದು ನಕ್ಕ ಅಂಗಡಿಯವನಿಗೆ "ನಿನ್ನ ಕೆಲಸ ನೀನು ನೋಡ್ಕೊಳ್ಳಪ್ಪ" ಎಂದು ಗದರಿ, ಅದನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಉರುಳದಿರಲೆಂದು ಬೆಲ್ಟು ಬಿಗಿದು ಮನೆಗೆ ತಂದಳು.

ಅವಳ ಲೆಕ್ಕ ಅವಳಿಗಿತ್ತು. ತೀರಿಹೋದ ಗಂಡ ಲೀಲ್ಯಾಂಡ್ ಆ ಮನೆಗೊಂದು ಕಾನೂನು ಮಾಡಿಟ್ಟಿದ್ದ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬಂದವರು ಯಾರೇ ಆಗಲಿ, ಹಬ್ಬದ ಕೋಳಿ ಪೂರ್ತಿ ಮುಗಿದು ಅದರ ಮೂಳೆ ಸೂಪಿನ ಪಾತ್ರೆಗೆ ಬೀಳುವ ತನಕ ಹೊರಡಲೆಂದು ಕೋಟಿಗೆ ಕೈ ಹಾಕುವಂತಿಲ್ಲ. ತಮಾಷೆಗೆ ಹುಟ್ಟಿದ ಮಾತು ಬರುಬರುತ್ತಾ ಗಟ್ಟಿಯಾಯಿತು. ಆ ಮನೆಯಲ್ಲಿ ಸೂಪ್ ಎಂದರೆ ಬೀಳ್ಕೊಡುಗೆ. ಸೂಪ್ ಕುಡಿದವರು ಹೊರಡಬೇಕು, ಕುಡಿಯದವರು ಇರಬೇಕು. ಒಬ್ಬನೇ ಮಗ ಕೀತ್ ಮದುವೆಯಾಗಿ ನಾಲ್ಕು ಗಂಟೆ ದಾರಿಯ ಒಮಾಹಾದಲ್ಲಿ ಸಂಸಾರ ಹೂಡಿದ ಮೇಲೂ ಅದನ್ನು ಮುರಿದವನಲ್ಲ. "ಸೂಪ್ ಮಾಡೋಕೆ ಅವಸರ ಮಾಡ್ಬೇಡಮ್ಮ, ನಂಗೆ ಕೆಲಸಕ್ಕೆ ಹೋಗೋ ಮನಸ್ಸಿಲ್ಲ" ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ನಗುತ್ತಿದ್ದ.

ಹಿಂದಿನ ವರ್ಷದ ಫೆಬ್ರವರಿಯಲ್ಲಿ ಅವನ ಟ್ರಕ್ಕು ಮಂಜುಗಟ್ಟಿದ ಸೇತುವೆಯ ಮೇಲಿಂದ ಜಾರಿತು. ಆ ವರ್ಷ ವರ್ನಾಳ ಮನೆಯಲ್ಲಿ ಹಬ್ಬವೇ ಆಗಲಿಲ್ಲ. ಸೊಸೆ ಶೆರಿಲ್ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ವರ್ನಾ ಡಬ್ಬಿಯ ಬಟಾಣಿ ಬಿಸಿ ಮಾಡಿಕೊಂಡು ತಿಂದು ಮಲಗಿದಳು.

ಈ ವರ್ಷ ಶೆರಿಲ್ ತಾನಾಗಿಯೇ ಫೋನ್ ಮಾಡಿದ್ದಳು. "ಹಬ್ಬಕ್ಕೆ ಬರ್ತೀವಿ ಅಮ್ಮಾ. ನಿಮ್ಮ ಹತ್ರ ಒಂದು ವಿಷಯ ಮಾತಾಡೋದೂ ಇದೆ." ಬರುತ್ತೇವೆ ಎಂದಾಗ ಹಿಗ್ಗಿದ ಎದೆ, ವಿಷಯ ಎಂದಾಗ ಧಸಕ್ಕೆಂದಿತು. ಏನು ವಿಷಯ ಎಂದು ವರ್ನಾ ಕೇಳಲಿಲ್ಲ. ಎದುರುಮನೆಯ ಓಪಲ್‌ಳ ತಂಗಿಯ ಮಗಳು ಒಮಾಹಾದಲ್ಲೇ ಇದ್ದಳಲ್ಲ, ಸುದ್ದಿ ಮೊದಲೇ ಬಂದಿತ್ತು. ರಸೆಲ್ ಅಂತೆ. ಶೆರಿಲ್ ಜೊತೆ ಚರ್ಚಿಗೆ ಬರುತ್ತಾನಂತೆ. ಮಗು ಅವನ ಕೈ ಹಿಡಿದುಕೊಂಡಿತ್ತಂತೆ. ಕೀತ್ ಹೋದ. ಇನ್ನು ಇವರಿಬ್ಬರೂ ಹೋದರೆ ಈ ಮನೆಗೆ ಯಾರು ಬರುತ್ತಾರೆ? ಅದಕ್ಕೇ ದೊಡ್ಡ ಕೋಳಿ ತಂದಳು. ದೊಡ್ಡ ಕೋಳಿ ನಿಧಾನಕ್ಕೆ ಮುಗಿಯುತ್ತದೆ. ಮುಗಿಯುವ ತನಕ ಅವರು ಇರುತ್ತಾರೆ. ಇರುವ ತನಕ ಆ ವಿಷಯವನ್ನು ಮುಂದೆ ತಳ್ಳಬಹುದು. ಇಷ್ಟೇ ಅವಳ ಲೆಕ್ಕ.

ಗುರುವಾರ ಹಬ್ಬ ಚೆನ್ನಾಗಿಯೇ ಆಯಿತು. ಒಂಬತ್ತು ವರ್ಷದ ಟ್ರೇಸಿ ಒಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆಲ್ಲ ಬಳಿದುಕೊಂಡು ತಿಂದಳು. ಇನ್ನೊಂದು ಕಾಲು ಯಾವಾಗಲೂ ಕೀತ್‌ನದು. ವರ್ನಾ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಶೆರಿಲ್ ತಟ್ಟೆಗೆ ಹಾಕಿ, "ಅವನ ಪಾಲು ನೀನು ತಿನ್ನು" ಎಂದಳು. ಶೆರಿಲ್ ತಲೆ ತಗ್ಗಿಸಿ ತಿಂದಳು. ಮೂಳೆಯಲ್ಲಿ ಒಂದು ಚೂರೂ ಬಿಡಲಿಲ್ಲ. ಅವಳ ಕಣ್ಣೀರು ಗ್ರೇವಿಗೇ ಬೀಳುತ್ತಿತ್ತು. ಬೆರಳಲ್ಲಿ ಕೀತ್ ತೊಡಿಸಿದ ಉಂಗುರ ಇರಲಿಲ್ಲ. ವರ್ನಾ ನೋಡಿಯೂ ನೋಡದ ಹಾಗೆ ಆಲೂಗಡ್ಡೆ ಬಡಿಸಿದಳು.

ಶುಕ್ರವಾರ ತಣ್ಣನೆಯ ಮಾಂಸವನ್ನು ತೆಳ್ಳಗೆ ಕೊಯ್ದು, ಬ್ರೆಡ್ಡಿಗೆ ಕ್ರ್ಯಾನ್‌ಬೆರಿ ಗೊಜ್ಜು ಬಳಿದು ಸ್ಯಾಂಡ್‌ವಿಚ್ ಮಾಡಿಕೊಟ್ಟಳು. ರಾತ್ರಿಗೆ ಅದೇ ಮಾಂಸ, ನೂಡಲ್ಸು, ಮೇಲೆ ಕೆನೆ. ಶೆರಿಲ್ ಪಾತ್ರೆ ಒರೆಸುತ್ತಾ ಮೆಲ್ಲಗೆ ಬಾಯಿ ತೆರೆದಳು.

"ಅಮ್ಮಾ, ನಾನು ಅವತ್ತು ಫೋನಲ್ಲಿ ಹೇಳಿದ್ನಲ್ಲ..."

"ತಾಳು ತಾಳು, ಒಲೆ ಮೇಲೆ ಹಾಲಿದೆ."

"ಒಲೇನೇ ಹಚ್ಚಿಲ್ವಲ್ಲ ಅಮ್ಮಾ."

"ಹಚ್ಚಿಲ್ವಾ? ನನ್ನ ತಲೆಗಿಷ್ಟು! ಟ್ರೇಸಿ, ಬಾರೇ, ಇಸ್ಪೀಟು ಆಡೋಣ."

ಶೆರಿಲ್ ಬಟ್ಟೆಯನ್ನು ಹಿಂಡಿ ಹರವಿದಳು. ಹೀಗೆ ಜಾರಿಕೊಂಡ ಮಾತು ಅದೆಷ್ಟೋ. ಬೆಳಗ್ಗೆ ಬಾಗಿಲು ಸಂದಿಯಲ್ಲಿ ಗಾಳಿ ಬರುತ್ತಿತ್ತು, ಸಂಜೆ ವರ್ನಾಳಿಗೆ ಕಿವಿ ನೋಯುತ್ತಿತ್ತು. ಕಳ್ಳನಿಗೂ ಇಷ್ಟು ನೆಪ ಹೊಳೆಯುತ್ತಿರಲಿಲ್ಲ.

ಆದರೆ ಕೋಳಿ ಎಷ್ಟು ದೊಡ್ಡದಾದರೇನು, ಪ್ರೀತಿಯಿಂದ ಬಡಿಸುವ ಕೈಯಿಂದ ಅದನ್ನು ಉಳಿಸುವುದಾಗುತ್ತದೆಯೇ? ಮೊಮ್ಮಗಳ ತಟ್ಟೆ ಕಂಡರೆ ವರ್ನಾಳ ಚಮಚ ತಾನಾಗಿಯೇ ಎರಡು ಸಲ ಓಡುತ್ತಿತ್ತು. ಶನಿವಾರ ಮಧ್ಯಾಹ್ನ ಬಟಾಣಿ, ಕ್ಯಾರೆಟ್ ಜೊತೆ ಮಾಂಸ ಬೆರೆಸಿ, ಮೇಲೆ ಹಿಟ್ಟಿನ ಹೊದಿಕೆ ಹಾಸಿ ದೊಡ್ಡ ಪೈ ಮಾಡಿದಳು. ಟ್ರೇಸಿ ಉಳಿದ ಹಿಟ್ಟಿನಲ್ಲಿ ಒಂದು ಕೋಳಿ ಮಾಡಿ ಮೇಲೆ ಅಂಟಿಸಿದಳು. ಅದು ಓವನ್ನಿನಿಂದ ಹೊರಗೆ ಬರುವಾಗ ಉಬ್ಬಿ ಹಂದಿಯಾಗಿತ್ತು. ಮೂವರೂ ನಕ್ಕರು. ನಗು ಮುಗಿದಾಗ ಶೆರಿಲ್ ಫ್ರಿಜ್ಜಿನೊಳಗೆ ಇಣುಕಿದಳು. ಕೋಳಿಯ ಬೆನ್ನಿನ ಎಲುಬು ಬೆಳ್ಳಗೆ ಕಾಣುತ್ತಿತ್ತು.

"ಇವತ್ತು ಸಂಜೆ ಸೂಪ್ ಮಾಡ್ಬಹುದಲ್ವಾ ಅಮ್ಮಾ? ನಾಳೆ ಬೆಳಗ್ಗೇನೇ ಹೊರಟ್ಬಿಡ್ತೀವಿ."

"ಇನ್ನೂ ಮಾಂಸ ಇದೆ ಅದ್ರಲ್ಲಿ."

"ಎಲ್ಲಿದೆ?"

"ನಿನ್ನ ಕಣ್ಣಿಗೆ ಕಾಣಲ್ಲ. ನಾನು ನಲವತ್ತು ವರ್ಷದಿಂದ ಕೋಳಿ ಬಿಡಿಸ್ತಿದೀನಿ" ಎಂದು ಫ್ರಿಜ್ಜಿನ ಬಾಗಿಲನ್ನು ಪಟ್ಟೆಂದು ಹಾಕಿದಳು. ಆಮೇಲೆ ಕೋಟು ತೊಟ್ಟು, ಮೊಟ್ಟೆ ಸಾಲ ತರುತ್ತೇನೆ ಎಂದು ಹೇಳಿ ಎದುರುಮನೆಗೆ ಹೊರಟಳು. ಫ್ರಿಜ್ಜಿನಲ್ಲಿ ಮೊಟ್ಟೆ ತುಂಬಿತ್ತು.

ಓಪಲ್ ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದಳು. ಅವಳ ಮಗ ಗುರುವಾರದ ಊಟವನ್ನು ಹೆಂಡತಿಯ ತವರಿನಲ್ಲಿ ಮಾಡುವವನು. ತಾಯಿಯ ಮನೆಗೆ ಶನಿವಾರ ಬರುವ ರೂಢಿ. ಈ ಸಲ ರಸ್ತೆಯಲ್ಲಿ ಮಂಜು ಎಂದು ಫೋನ್ ಮಾಡಿ ತಪ್ಪಿಸಿಕೊಂಡಿದ್ದ. ಹುರಿದ ಟರ್ಕಿ ಕೋಳಿ ಕಂದು ಬಣ್ಣಕ್ಕೆ ತಿರುಗಿ ಮೇಜಿನ ನಡುವೆ ಇಡಿಯಾಗಿ ಕೂತಿತ್ತು. ಯಾರೂ ಮುಟ್ಟಿರಲಿಲ್ಲ.

"ಇದನ್ನ ನಂಗೆ ಕೊಡೇ" ಎಂದಳು ವರ್ನಾ, ನಿಂತ ಕಾಲಲ್ಲೇ.

"ನಿನ್ನ ಕೋಳಿ ಏನಾಯ್ತು? ಕುದುರೆಯಷ್ಟಿತ್ತಲ್ಲ."

"ಮುಗೀತಾ ಬಂತು."

ಓಪಲ್ ಅವಳನ್ನೇ ದಿಟ್ಟಿಸಿದಳು. ನಲವತ್ತು ವರ್ಷದ ಗೆಳತಿ, ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. "ಥೂ ನಿನ್ನ! ಸೊಸೆಗೆ ಮೋಸ ಮಾಡ್ತೀಯಾ? ಈ ವಯಸ್ಸಲ್ಲಿ?"

"ಎರಡು ದಿನ ಕಣೇ. ಮಂಗಳವಾರದ ತನಕ. ಶಾಲೆ ಎಲ್ಲೂ ಓಡಿಹೋಗಲ್ಲ."

"ಮಂಗಳವಾರ ಆದ್ಮೇಲೆ? ಊರಲ್ಲಿರೋ ಕೋಳೀನೆಲ್ಲ ಹುರೀತೀಯಾ?"

ಓಪಲ್ ಎದ್ದು, ಗೊಣಗುತ್ತಲೇ, ಕೋಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟಳು. "ತಗೊಂಡು ಹೋಗು. ನನ್ನೋರು ಬರ್ಲಿಲ್ಲ, ನಿನ್ನೋರಾದ್ರೂ ಇರ್ಲಿ. ಸಿಕ್ಕಿಬಿದ್ರೆ ಮಾತ್ರ ನನ್ನ ಹೆಸರು ಎತ್ಬೇಡ."

ಹಿತ್ತಲ ಜಗಲಿಗೆ ಬಿಸಿಯ ಏರ್ಪಾಡಿಲ್ಲ. ನವೆಂಬರಿನಲ್ಲಿ ಅದು ಫ್ರಿಜ್ಜಿಗಿಂತ ತಣ್ಣಗಿರುತ್ತದೆ. ವರ್ನಾ ಕೋಳಿಯನ್ನು ಅಲ್ಲಿಟ್ಟು, ಮೇಲೆ ತವರದ ಬಾನಿ ಕವಿಚಿ, ಅದರ ಮೇಲೊಂದು ಇಟ್ಟಿಗೆ ಹೇರಿದಳು. ತಾಯಿ ಮಗಳು ಟೀವಿ ನೋಡುತ್ತಿದ್ದಾಗ ಎದೆಯ ಮಾಂಸ ಒಂದಿಷ್ಟು, ಜೊತೆಗೆ ಒಂದು ಕಾಲನ್ನೂ ಕಿತ್ತು ತಂದು ಹಳೆಯ ಮೂಳೆಗಳ ಪಕ್ಕ ಜೋಡಿಸಿದಳು. ಕದಿಯುವ ಅಭ್ಯಾಸ ಇದ್ದಿದ್ದರೆ ಕಾಲನ್ನು ಮುಟ್ಟುತ್ತಿರಲಿಲ್ಲ. ಮೊಮ್ಮಗಳಿಗೆ ಕಾಲೆಂದರೆ ಇಷ್ಟ, ಅವಳ ತಲೆಯಲ್ಲಿದ್ದದ್ದು ಅದೊಂದೇ.

ಭಾನುವಾರ ಬೆಳಗ್ಗೆ ಮಾಂಸವನ್ನೂ ಆಲೂಗಡ್ಡೆಯನ್ನೂ ಚೂರು ಮಾಡಿ ಬಾಣಲೆಯಲ್ಲಿ ಗರಿಗರಿಯಾಗಿ ಹುರಿದು, ಮೇಲೊಂದೊಂದು ಮೊಟ್ಟೆ ಒಡೆದು ಹಾಕಿದಳು. ಟ್ರೇಸಿಯ ತಟ್ಟೆಗೆ ಬಿಸಿ ಮಾಡಿದ ಕಾಲು.

"ಹೇ, ಕಾಲು!" ಎಂದು ಹುಡುಗಿ ಕಿರುಚಿದಳು.

ಶೆರಿಲ್ ಕಾಫಿ ಲೋಟವನ್ನು ಕೆಳಗಿಟ್ಟಳು. ಆ ಕಾಲನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಮಗಳು ತಿಂದು ಮುಗಿಸುವ ತನಕ ಕಾದಳು. ಮುಗಿದ ಮೇಲೆ, "ಟ್ರೇಸಿ, ಹಿಮ ಬಿದ್ದಿದೆ, ಹೋಗಿ ಸ್ವಲ್ಪ ಹೊತ್ತು ಆಡ್ಕೋ" ಎಂದು ಟೋಪಿ ಹಾಕಿ ಹೊರಗೆ ಕಳಿಸಿದಳು. ಬಾಗಿಲು ಮುಚ್ಚಿತು.

"ಅಮ್ಮಾ, ಹಬ್ಬದ ದಿನ ಒಂದು ಕಾಲು ಟ್ರೇಸಿ ತಿಂದ್ಲು. ಕೀತ್‌ದು ಅಂತ ಇನ್ನೊಂದನ್ನ ನಂಗೆ ಬಡಿಸಿದ್ರಿ. ಅಳ್ತಾ ಅಳ್ತಾ ತಿಂದಿದೀನಿ, ಮರೆಯೋಕಾಗುತ್ತಾ? ಇದು ಯಾರ ಕಾಲು?"

ವರ್ನಾ ಬಾಣಲೆ ಉಜ್ಜುತ್ತಲೇ ಇದ್ದಳು. "ಈಗಿನ ಕೋಳಿಗಳೇ ಹಾಗೆ. ಏನೇನೋ ಮೇವು ಹಾಕಿ ಸಾಕ್ತಾರೆ."

"ಮೂರು ಕಾಲು ಬರೋ ಮೇವಾ?"

ಶೆರಿಲ್‌ಗೆ ನಗು ತಡೆಯಲಾಗಲಿಲ್ಲ. ಅದನ್ನು ಕೇಳಿ ವರ್ನಾಳಿಗೂ ನಗು ಬಂತು. ಇಬ್ಬರೂ ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಹಾಗೆ ಬಂದ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ. ವರ್ನಾ ಕುರ್ಚಿಗೆ ಕುಸಿದು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು.

"ಹೇಳ್ಬಿಡು" ಎಂದಳು ಒಳಗಿನಿಂದಲೇ. "ನಂಗೆ ಗೊತ್ತು. ಆದ್ರೂ ಹೇಳ್ಬಿಡು."

"ರಸೆಲ್ ಅಂತ. ಒಳ್ಳೆಯೋನು. ಕ್ರಿಸ್‌ಮಸ್ ಆದ್ಮೇಲೆ ಮದುವೆ." ಶೆರಿಲ್ ಒಂದು ಸಲ ಉಸಿರು ಎಳೆದುಕೊಂಡಳು. "ಅವನಿಗೆ ಅರಿಜೋನಾದಲ್ಲಿ ಕೆಲಸ ಸಿಕ್ಕಿದೆ. ನಾವೂ ಅಲ್ಲಿಗೇ ಹೋಗ್ತೀವಿ."

ಮದುವೆಗೆ ವರ್ನಾ ಸಿದ್ಧಳಾಗಿದ್ದಳು. ಅರಿಜೋನಾಕ್ಕೆ ಸಿದ್ಧಳಾಗಿರಲಿಲ್ಲ. ನಾಲ್ಕು ಗಂಟೆಯ ದಾರಿಗೇ ಇಷ್ಟು ಕಷ್ಟ, ಇನ್ನು ಎರಡು ಹಗಲಿನ ದಾರಿ. ಅವಳು ಏಪ್ರನ್ನನ್ನು ಮುಖದಿಂದ ಕಿತ್ತಳು. "ಅವನ ಸಮಾಧಿ ಮೇಲೆ ಹುಲ್ಲು ಸರಿಯಾಗಿ ಹಿಡಿದಿಲ್ಲ ಕಣೇ ಇನ್ನೂ!"

"ಗೊತ್ತು ಅಮ್ಮಾ. ಬರೋ ದಾರೀಲಿ ಹೋಗಿ ನೋಡ್ಕೊಂಡೇ ಬಂದೆ." ಶೆರಿಲ್ ಕೋಪ ಮಾಡಿಕೊಳ್ಳಲಿಲ್ಲ. "ಅವನ ಬೂಟು ನಮ್ಮನೆ ಬಾಗಿಲ ಹತ್ರಾನೇ ಇದೆ. ಎತ್ತಿಡೋಕೂ ಆಗಲ್ಲ, ನೋಡೋಕೂ ಆಗಲ್ಲ. ದಿನಾ ಕೆಲಸದಿಂದ ಬಂದು ಅದನ್ನ ದಾಟ್ಕೊಂಡು ಒಳಗೆ ಹೋಗ್ತೀನಿ. ನಂಗೆ ಮೂವತ್ಮೂರು ವರ್ಷ ಅಮ್ಮಾ. ಇನ್ನೂ ಎಷ್ಟು ವರ್ಷ ದಾಟ್ಲಿ?"

ವರ್ನಾ ತಾನೂ ಲೀಲ್ಯಾಂಡ್‌ನ ಕನ್ನಡಕವನ್ನು ಇನ್ನೂ ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವವಳು. ಆದರೆ ತನಗೆ ಅರವತ್ತೆಂಟು. ಆ ವ್ಯತ್ಯಾಸ ಅವಳಿಗೆ ಅರ್ಥವಾಯಿತು, ಅರ್ಥವಾದದ್ದಕ್ಕೇ ಇನ್ನಷ್ಟು ಸಂಕಟವಾಯಿತು.

"ಮಗೂಗೆ ಗೊತ್ತಾ?"

"ರಸೆಲ್ ಗೊತ್ತು. ಮದುವೇನೂ ಗೊತ್ತು. ಊರು ಬಿಡೋದು ಗೊತ್ತಿಲ್ಲ. ನಿಮಗೆ ಮೊದ್ಲು ಹೇಳಿ ಆಮೇಲೆ ಅವಳಿಗೆ ಹೇಳೋಣ ಅಂತಿದ್ದೆ. ಇವತ್ತು ಕಾರಲ್ಲಿ ಹೇಳ್ತೀನಿ. ನಂಗೆ ಭಯ ಆಗ್ತಿದೆ ಅಮ್ಮಾ. ಈಗೀಗ ಏನಂದ್ರೂ ನನ್ನ ಮೇಲೆ ಸಿಡೀತಾಳೆ."

ವರ್ನಾ ಮೇಜಿನ ಬಟ್ಟೆಯ ಸುಕ್ಕನ್ನು ಅಂಗೈಯಿಂದ ಸವರಿದಳು.

"ಆ ರಸೆಲ್‌ಗೆ ತಾಯಿ ಇದಾಳಾ?" ಎಂದು ವರ್ನಾ ಕೇಳಿದಳು.

"ಇದಾರೆ."

"ಅವಳನ್ನೂ ಅಮ್ಮ ಅಂತೀಯಾ?"

"ಇಲ್ಲಮ್ಮಾ. ಹೆಸರು ಹಿಡಿದು ಕರೀತೀನಿ." ಶೆರಿಲ್ ಮೂಗು ಒರೆಸಿಕೊಂಡಳು. "ಒಂದ್ಸಲ ಅಮ್ಮ ಅನ್ನೋಕೆ ನೋಡ್ದೆ. ಬಾಯಿ ತಿರುಗ್ಲಿಲ್ಲ."

ವರ್ನಾ ಎದ್ದಳು. ದೊಡ್ಡ ಪಾತ್ರೆಯನ್ನು ಕಪಾಟಿನಿಂದ ಇಳಿಸಿದಳು. ಫ್ರಿಜ್ಜಿನಿಂದ ಹಬ್ಬದ ಕೋಳಿಯ ಎಲುಬಿನ ಗೂಡನ್ನು ತೆಗೆದು, ಎರಡೂ ಕೈಯಲ್ಲಿ ಒತ್ತಿ ಮುರಿದು ಪಾತ್ರೆಗೆ ಹಾಕಿದಳು. ನೀರು ಸುರಿದಳು. ಈರುಳ್ಳಿ, ಸೆಲರಿ ದಂಟು ಹೆಚ್ಚಿದಳು. ಶೆರಿಲ್ ಸಹಾಯಕ್ಕೆ ಬಂದಾಗ, "ನೀನು ಹೋಗಿ ಬಟ್ಟೆ ಜೋಡಿಸ್ಕೋ" ಎಂದಳು, ತಿರುಗಿ ನೋಡದೆ.

ಮಧ್ಯಾಹ್ನ ಮೂವರೂ ಸೂಪ್ ಕುಡಿದರು. ವರ್ನಾಳ ಸೂಪಿಗೆ ಎಂದೂ ಉಪ್ಪು ತಪ್ಪಿದ್ದಿಲ್ಲ, ಅವತ್ತು ತಪ್ಪಿತ್ತು. ಯಾರೂ ಹೇಳಲಿಲ್ಲ. ಟ್ರೇಸಿ ಮಾತ್ರ ಬಟ್ಟಲಿನೊಳಗೆ ಚಮಚ ತಿರುಗಿಸುತ್ತಾ, ಅಮ್ಮನನ್ನೂ ಬಾಗಿಲ ಬಳಿಯ ಪೆಟ್ಟಿಗೆಗಳನ್ನೂ ನೋಡುತ್ತಾ ಕೂತಿದ್ದಳು. ಶೆರಿಲ್ ಕೋಟು ಹಿಡಿದು ಬಂದಾಗ ಹುಡುಗಿ ಕೈಯನ್ನು ತೋಳಿಗೆ ತೂರಿಸಲಿಲ್ಲ.

"ನಾವು ಹೋಗೋ ಹಾಗಿಲ್ಲ" ಎಂದಳು. "ಕೋಳಿ ಇನ್ನೂ ಇದೆ."

"ಸೂಪ್ ಆಯ್ತಲ್ಲ ಪುಟ್ಟಾ."

"ಇದೆ! ಹಿತ್ತಲ ಜಗಲೀಲಿ, ಬಾನಿ ಕೆಳಗೆ. ಆಡೋಕೆ ಹೋದಾಗ ನಾನು ನೋಡ್ದೆ. ಮುಗಿಯೋ ತನಕ ಯಾರೂ ಹೋಗ್ಬಾರ್ದು ಅಂತ ಅಪ್ಪ ಹೇಳಿಲ್ವಾ? ನಿಂಗೆ ಅಪ್ಪ ಹೇಳಿದ್ದು ಏನೂ ಬೇಡ. ನಿಂಗೆ ಬೇಗ ಹೋಗಿ ರಸೆಲ್ ಹತ್ರ ಕೂತ್ಕೋಬೇಕು, ಅಷ್ಟೇ!"

ಶೆರಿಲ್ ಮುಖ ಬಿಳಿಚಿಕೊಂಡಿತು. ಕೋಟು ಅವಳ ಕೈಯಲ್ಲೇ ಉಳಿಯಿತು. ಟ್ರೇಸಿ ಓಡಿ ಬಂದು ಅಜ್ಜಿಯ ಸೊಂಟವನ್ನು ತಬ್ಬಿಕೊಂಡಳು. "ನೀನೊಬ್ಳೇ ಹೋಗು. ನಾನು ಇಲ್ಲೇ ಇರ್ತೀನಿ. ಅಜ್ಜಿಗೆ ನಾನು ಬೇಕು. ಅಲ್ವಾ ಅಜ್ಜಿ?"

ಇದೊಂದು ಮಾತಿಗಾಗಿ ವರ್ನಾ ಹಬ್ಬದ ದಿನದಿಂದ ಒದ್ದಾಡಿದ್ದಳು. ಈಗ ಬರೀ ಹೂಂ ಎಂದರೆ ಸಾಕಿತ್ತು. ಮಗು ಅತ್ತು ರಂಪ ಮಾಡುತ್ತಿತ್ತು, ಶೆರಿಲ್ ಸೋಲುತ್ತಿದ್ದಳು, ಎರಡು ದಿನ ಸಿಗುತ್ತಿತ್ತು, ಯಾರಿಗೆ ಗೊತ್ತು, ಅರಿಜೋನಾವೇ ತಪ್ಪಿಹೋಗುತ್ತಿತ್ತೋ ಏನೋ. ಕೈ ತಾನಾಗಿಯೇ ಹುಡುಗಿಯ ತಲೆಯ ಮೇಲೆ ಹೋಯಿತು. ಕೀತ್‌ನ ಕೂದಲೇ, ಅದೇ ಒರಟು, ಅದೇ ಸುಳಿ. ಅವಳು ತಲೆಯೆತ್ತಿ ಶೆರಿಲ್‌ಳನ್ನು ನೋಡಿದಳು. ಶೆರಿಲ್ ಬೇಡಿಕೊಳ್ಳಲೂ ಇಲ್ಲ, ಬೈಯಲೂ ಇಲ್ಲ. ಹೊಡೆತಕ್ಕೆ ಕಾಯುವವಳ ಹಾಗೆ ನಿಂತಿದ್ದಳು. ಮುಂದೆ ನಾಲ್ಕು ಗಂಟೆಯ ದಾರಿ, ಅರಿಜೋನಾದ ಸುದ್ದಿ, ಈ ಸಿಡಿಗುಂಡಿನಂಥ ಮಗು, ಕಾರಿನಲ್ಲಿ ಅವರಿಬ್ಬರೇ.

ವರ್ನಾ ಹುಡುಗಿಯ ಕೈಗಳನ್ನು ಸೊಂಟದಿಂದ ಬಿಡಿಸಿದಳು.

"ಆ ಕೋಳಿ ಓಪಲ್‌ದು. ನಮ್ಮದು ಮುಗೀತು."

"ಆದ್ರೆ ನಾನು ಇರ್ತೀನಿ..."

"ಬೇಡ." ಧ್ವನಿ ಅವಳಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. "ನಂಗೆ ಸಾಕಾಗಿದೆ ಟ್ರೇಸಿ. ವಯಸ್ಸಾಯ್ತು. ದಿನಾ ಬೇಯ್ಸಿ ಹಾಕೋಕೆ, ನಿನ್ನ ಗಲಾಟೆ ತಡೆಯೋಕೆ ನನ್ನ ಕೈಲಾಗಲ್ಲ. ನಿಮ್ಮಮ್ಮ ಇನ್ನೆರಡು ದಿನ ಇರ್ತೀವಿ ಅಂದ್ಲು. ನಾನೇ ಬೇಡ ಅಂದೆ."

ಶೆರಿಲ್ "ಅಮ್ಮಾ" ಎಂದಳು. ವರ್ನಾ ಅವಳತ್ತ ನೋಡದೆ, ಸುಮ್ಮನಿರು ಎಂದು ಕೈಯಲ್ಲೇ ತಡೆದಳು.

ಹುಡುಗಿ ಅಜ್ಜಿಯ ಮುಖವನ್ನು ಹುಡುಕಿ ನೋಡಿದಳು, ಎಲ್ಲಿಯಾದರೂ ತಮಾಷೆ ಇದೆಯೇ ಎಂದು. ವರ್ನಾ ಏನನ್ನೂ ತೋರಗೊಡಲಿಲ್ಲ. ಅಮ್ಮ ಹಿಡಿದಿದ್ದ ಕೋಟಿಗೆ ಟ್ರೇಸಿ ತಾನೇ ಕೈ ತೂರಿಸಿದಳು, ಗುಂಡಿ ಹಾಕಿಕೊಂಡಳು, ಅಮ್ಮನ ಕೈ ಹಿಡಿದುಕೊಂಡಳು. ಬಾಗಿಲಲ್ಲಿ ಮುತ್ತು ಕೊಡಲು ವರ್ನಾ ಬಗ್ಗಿದಾಗ ಮುಖ ತಿರುಗಿಸಿ ಮೆಟ್ಟಿಲಿಳಿದಳು.

ಕಾರು ತಿರುಗಿ ರಸ್ತೆಗಿಳಿಯಿತು. ಶೆರಿಲ್ ಕಿಟಕಿ ಇಳಿಸಿ ಕೈ ಬೀಸಿದಳು, ಅಳುತ್ತಿದ್ದಳು. ಪಕ್ಕದ ಸೀಟಿನ ಹುಡುಗಿ ಅಮ್ಮನ ತೋಳಿಗೆ ಒರಗಿ ನೇರ ಮುಂದಕ್ಕೆ ನೋಡುತ್ತಿದ್ದಳು. ಎಷ್ಟೋ ತಿಂಗಳಿಂದ ಹಾಗೆ ಒರಗಿರಲಿಲ್ಲವೇನೋ. ಬೈದುಕೊಳ್ಳಲಿ, ಎಂದುಕೊಂಡಳು ವರ್ನಾ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡು ಹೋಗಲಿ, ಅಮ್ಮನನ್ನು ಬೈಯದಿರಲಿ. ಎದುರುಮನೆಯ ಕಿಟಕಿಯ ಪರದೆ ಸರಿದು ಮತ್ತೆ ಮುಚ್ಚಿಕೊಂಡಿತು. ಮೈಮೇಲೆ ಕೋಟಿಲ್ಲದೆ ಎಷ್ಟು ಹೊತ್ತು ನಿಂತಿದ್ದಳೋ, ಚಳಿ ಮೂಳೆಗೆ ಇಳಿದ ಮೇಲೆ ಒಳಗೆ ಹೋದಳು. ಟ್ರೇಸಿಯ ಬಟ್ಟಲಿನಲ್ಲಿ ಅರ್ಧ ಸೂಪ್ ಹಾಗೇ ಉಳಿದಿತ್ತು. ಅವಳು ನಿಂತುಕೊಂಡೇ ಅದನ್ನು ಕುಡಿದಳು. ಉಪ್ಪು ಕಡಿಮೆಯಾಗಿತ್ತು ಎಂದು ಅವಳಿಗೆ ಆಗ ಗೊತ್ತಾಯಿತು.